ನಂಬರ್ ಪ್ಲೇಟ್ ಓದಲು ಬರುವ ಡ್ಯಾಶ್‌ಕ್ಯಾಮ್ ಆರಿಸುವುದು ಹೇಗೆ

ಕಾರಿಗೆ ಡ್ಯಾಶ್‌ಕ್ಯಾಮ್ ಹಾಕಿಸಿಕೊಂಡವರಲ್ಲಿ ಅನೇಕರು ಅದರ ವಿಡಿಯೊವನ್ನು ಮೊದಲ ಬಾರಿ ಗಮನವಿಟ್ಟು ನೋಡುವುದು ಏನಾದರೂ ಅವಘಡವಾದ ದಿನವೇ. ನಾನೂ ಹಾಗೆಯೇ ಮಾಡಿದ್ದೆ. ನಿಲ್ಲಿಸಿದ್ದ ಕಾರಿನ ಬಾಗಿಲಿಗೆ ಯಾರೋ ಗುದ್ದಿ ಹೋದ ಸಂಜೆ ಮೆಮೊರಿ ಕಾರ್ಡನ್ನು ತೆಗೆದು ಕಂಪ್ಯೂಟರಿಗೆ ಹಾಕಿದರೆ, ಅದರಲ್ಲಿದ್ದ ಕೊನೆಯ ಫೈಲು ಏಳು ವಾರ ಹಿಂದಿನದಾಗಿತ್ತು. ಪರದೆಯ ಮೇಲಿನ ಕೆಂಪು ಚುಕ್ಕೆ ದಿನವೂ ಮಿನುಗುತ್ತಿತ್ತು. ಕಾರ್ಡ್ ಮಾತ್ರ ಎಂದೋ ಕೈಕೊಟ್ಟಿತ್ತು. ಅಂದಿನಿಂದ ಕ್ಯಾಮೆರಾ ಆರಿಸುವಾಗ ನಾನು ಕೇಳಿಕೊಳ್ಳುವುದು ಎರಡೇ ಪ್ರಶ್ನೆ: ಬೇಕಾದ ಆ ಒಂದು ನಿಮಿಷ ಕಾರ್ಡಿನಲ್ಲಿ ಉಳಿದಿರುತ್ತದೆಯೇ, ಉಳಿದಿದ್ದರೆ ಅದರಲ್ಲಿ ಎದುರಿನ ವಾಹನದ ನಂಬರ್ ಓದಲು ಬರುತ್ತದೆಯೇ?

ಎರಡನೆಯ ಪ್ರಶ್ನೆಯನ್ನು ಮೊದಲು ನೋಡೋಣ, ಏಕೆಂದರೆ ರೆಸಲ್ಯೂಷನ್ನಿನ ಲೆಕ್ಕವೆಲ್ಲ ಅದರೊಳಗಿದೆ. 1080ಪಿ ಚಿತ್ರದಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್‌ಗಳಿರುತ್ತವೆ, 1440ಪಿಯಲ್ಲಿ 37 ಲಕ್ಷ, 4ಕೆಯಲ್ಲಿ 83 ಲಕ್ಷ. ಅಡ್ಡಕ್ಕೆ 120 ಡಿಗ್ರಿ ನೋಟವಿರುವ ಲೆನ್ಸಿನ ಮೂಲಕ ಅರ್ಧ ಮೀಟರ್ ಅಗಲದ ನಂಬರ್ ಪ್ಲೇಟನ್ನು 10 ಮೀಟರ್ ದೂರದಿಂದ ಚಿತ್ರಿಸಿದರೆ, ಸ್ಥೂಲವಾಗಿ 4ಕೆಯಲ್ಲಿ ಆ ಪ್ಲೇಟಿನ ಅಗಲಕ್ಕೆ 90 ಪಿಕ್ಸೆಲ್ ಸಿಗುತ್ತವೆ, 1080ಪಿಯಲ್ಲಿ 45. ಹತ್ತು ಅಕ್ಷರ-ಅಂಕಿಗಳಿರುವ ಪ್ಲೇಟಾದರೆ ಒಂದೊಂದಕ್ಕೆ 9 ಪಿಕ್ಸೆಲ್ ದೊರೆತಾಗ ಸಲೀಸಾಗಿ ಓದಬಹುದು. ನಾಲ್ಕೂವರೆ ದೊರೆತರೆ 8 ಮತ್ತು ‘ಬಿ’ಗಳ ನಡುವೆ ಊಹೆ ಮಾಡಬೇಕಾಗುತ್ತದೆ. ದೂರ 20 ಮೀಟರ್ ಆದರೆ 4ಕೆ ಕೂಡ ಆ ಅಂಚಿಗೆ ಬಂದು ನಿಲ್ಲುತ್ತದೆ, 1080ಪಿಯಲ್ಲಿ ಓದುವ ಆಸೆಯನ್ನೇ ಬಿಡಬೇಕು. ನೋಟದ ಕೋನ ಹಿಗ್ಗಿದಷ್ಟೂ ಇವೇ ಪಿಕ್ಸೆಲ್‌ಗಳು ಹೆಚ್ಚು ಜಾಗಕ್ಕೆ ಹಂಚಿಹೋಗುವುದರಿಂದ, 170 ಡಿಗ್ರಿ ಎಂದು ದೊಡ್ಡದಾಗಿ ಬರೆದಿರುವುದನ್ನು ಗುಣವೆಂದು ತಿಳಿಯಬೇಡಿ. ಡಬ್ಬಿಯ ಮೇಲಿನ ಕೋನ ಬಹಳ ಸಲ ಮೂಲೆಯಿಂದ ಮೂಲೆಗೆ ಅಳೆದದ್ದಾಗಿರುತ್ತದೆ. ಆ ಅಳತೆಯಲ್ಲಿ 140 ಡಿಗ್ರಿಯ ಆಸುಪಾಸಿನ ಲೆನ್ಸ್ ಹೆಚ್ಚಿನವರಿಗೆ ಸಾಕಾಗುತ್ತದೆ.

ಡಬ್ಬಿಯ ಮೇಲೆ 4ಕೆ ಎಂದಿರುವುದೆಲ್ಲ 4ಕೆ ಅಲ್ಲ. 20 ಲಕ್ಷ ಅಥವಾ 50 ಲಕ್ಷ ಪಿಕ್ಸೆಲ್‌ಗಳ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) ಕೊಟ್ಟ ಚಿತ್ರವನ್ನೇ ಸಾಫ್ಟ್‌ವೇರಿನಿಂದ ಹಿಗ್ಗಿಸಿ 4ಕೆ ಫೈಲಾಗಿ ಉಳಿಸುವ ಕ್ಯಾಮೆರಾಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಇದನ್ನು ಪತ್ತೆ ಮಾಡಲು ಸೆನ್ಸರಿನ ಹೆಸರನ್ನು ಕೇಳಬೇಕು. ಸೋನಿಯ ಸೆನ್ಸರ್‌ಗಳನ್ನೇ ತೆಗೆದುಕೊಂಡರೆ ಐಎಂಎಕ್ಸ್307 ಸುಮಾರು 20 ಲಕ್ಷ ಪಿಕ್ಸೆಲ್‌ಗಳದು, ಐಎಂಎಕ್ಸ್335 ಸುಮಾರು 50 ಲಕ್ಷದ್ದು. ಇವುಗಳಿಂದ ನಿಜವಾದ 4ಕೆ ಬರಲಾರದು. ಐಎಂಎಕ್ಸ್415 ಮತ್ತು ಐಎಂಎಕ್ಸ್678 ಎರಡೂ 80 ಲಕ್ಷಕ್ಕೆ ಮೇಲ್ಪಟ್ಟವು. ಇವೆರಡರಲ್ಲಿ ಹಣ ಹೊಂದಿಸಲು ಸಾಧ್ಯವಿದ್ದವರು ಎರಡನೆಯದನ್ನೇ ಆರಿಸಬೇಕೆಂಬುದು ನನ್ನ ಅಭಿಪ್ರಾಯ: ಅದರ ಒಂದೊಂದು ಪಿಕ್ಸೆಲ್ 2 ಮೈಕ್ರಾನ್ ಅಗಲವಿದ್ದರೆ ಮೊದಲನೆಯದರಲ್ಲಿ 1.45 ಮೈಕ್ರಾನ್, ಅಂದರೆ ಬೆಳಕು ಹಿಡಿಯುವ ವಿಸ್ತೀರ್ಣ ಹೆಚ್ಚುಕಡಿಮೆ ಇಮ್ಮಡಿ. ಹಗಲಿನಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣದು. ಸೆನ್ಸರಿನ ಹೆಸರನ್ನೇ ಹೇಳದ ಮಾರಾಟಗಾರರಿಂದ ದೂರವಿರುವುದು ಲೇಸು.

ರಾತ್ರಿಯೇ ನಿಜವಾದ ಪರೀಕ್ಷೆ. ಬೆಳಕು ಸಾಲದಾಗ ಕ್ಯಾಮೆರಾ ಒಂದೊಂದು ಚಿತ್ರಕ್ಕೂ ಸೆಕೆಂಡಿನ ಮೂವತ್ತನೆಯ ಒಂದು ಭಾಗದಷ್ಟು ಕಾಲ ಕಣ್ಣು ತೆರೆದಿರಬಹುದು. ಎರಡು ವಾಹನಗಳು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎದುರುಬದುರಾಗಿ ಬರುತ್ತಿದ್ದರೆ ಅಷ್ಟರೊಳಗೆ ಅವುಗಳ ನಡುವಿನ ಅಂತರ ಒಂದು ಮೀಟರಿಗಿಂತ ಹೆಚ್ಚು ಕುಗ್ಗಿರುತ್ತದೆ, ಪ್ಲೇಟಿನ ಅಕ್ಷರಗಳು ಕಲಸಿಹೋಗಿರುತ್ತವೆ. ಹೆಡ್‌ಲೈಟಿನ ಪ್ರಖರತೆಯಲ್ಲಿ ಪ್ಲೇಟು ಬರೀ ಬಿಳಿ ಪಟ್ಟಿಯಾಗಿ ಕಾಣುವುದೂ ಉಂಟು. ತೀರ ಬೆಳಕಿನ ಮತ್ತು ತೀರ ಕತ್ತಲಿನ ಭಾಗಗಳೆರಡನ್ನೂ ಒಂದೇ ಚಿತ್ರದಲ್ಲಿ ಕಾಣಿಸುವ ಎಚ್‌ಡಿಆರ್ ಸೌಲಭ್ಯ ಇದನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಆದ್ದರಿಂದ ಕೊಳ್ಳುವ ಮೊದಲು ಆ ಮಾದರಿಯ ರಾತ್ರಿ ವಿಡಿಯೊವನ್ನು ಹುಡುಕಿ, ಸಾಧ್ಯವಾದರೆ ಮೂಲ ಫೈಲನ್ನೇ ಪಡೆದು, ದೊಡ್ಡ ಪರದೆಯಲ್ಲಿ ಒಂದೊಂದೇ ಫ್ರೇಮ್ ಸರಿಸುತ್ತ ನೋಡಿ. ಮುಂದೆ ಹೋಗುತ್ತಿರುವ ಕಾರಿನ ಪ್ಲೇಟು, ಎದುರಿನಿಂದ ಬರುವ ಕಾರಿನ ಪ್ಲೇಟು, ಬದಿಯಲ್ಲಿ ನಿಂತಿರುವ ಕಾರಿನ ಪ್ಲೇಟು, ಈ ಮೂರರಲ್ಲಿ ಎಷ್ಟನ್ನು ಓದಲಾಯಿತು ಎಂಬುದು ಯಾವ ಜಾಹೀರಾತಿಗಿಂತಲೂ ಹೆಚ್ಚಿನದನ್ನು ತಿಳಿಸುತ್ತದೆ. ರಸ್ತೆಬದಿಯ ಗಿಡದ ಎಲೆಗಳನ್ನೂ ಗಮನಿಸಿ. ಅವು ಹಸಿರು ಮುದ್ದೆಯಂತೆ ಕಂಡರೆ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ದಾಖಲಾಗುವ ಮಾಹಿತಿಯ ಪ್ರಮಾಣ, ಸಾಲದೆಂದು ಅರ್ಥ. ಎಷ್ಟೇ ಒಳ್ಳೆಯ ಕ್ಯಾಮೆರಾ ಆದರೂ ಎಲ್ಲ ಪ್ಲೇಟುಗಳನ್ನೂ ಹಿಡಿಯದು. ಅದಕ್ಕಾಗಿ ಧ್ವನಿಮುದ್ರಣಕ್ಕೆ ಕಾನೂನಿನ ಅಡ್ಡಿಯಿಲ್ಲದ ಕಡೆ ಮೈಕನ್ನು ಚಾಲೂ ಇಟ್ಟುಕೊಂಡು, ಘಟನೆ ನಡೆದ ತಕ್ಷಣ ಕಣ್ಣಿಗೆ ಕಂಡ ನಂಬರನ್ನು ಗಟ್ಟಿಯಾಗಿ ಹೇಳುವ ರೂಢಿ ಮಾಡಿಕೊಳ್ಳಿ.

ಈಗ ಮೊದಲನೆಯ ಪ್ರಶ್ನೆ. ಬಿಸಿಲಿನಲ್ಲಿ ನಿಂತ ಕಾರಿನ ಗಾಜಿಗೆ ಅಂಟಿಕೊಂಡ ಸಾಧನ 60–70 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುವುದು ಅಪರೂಪವಲ್ಲ. ಅಷ್ಟು ಶಾಖದಲ್ಲಿ ಲಿಥಿಯಂ ಬ್ಯಾಟರಿ ಬೇಗ ಸೊರಗುತ್ತದೆ, ಕೆಲವೊಮ್ಮೆ ಉಬ್ಬಿಕೊಳ್ಳುತ್ತದೆ. ಬ್ಯಾಟರಿಯ ಬದಲು, ಶಾಖವನ್ನು ಹೆಚ್ಚು ತಾಳಿಕೊಂಡು ಸ್ವಲ್ಪ ವಿದ್ಯುತ್ತನ್ನು ಹಿಡಿದಿಡುವ ಸೂಪರ್‌ಕೆಪಾಸಿಟರ್ ಇರುವ ಕ್ಯಾಮೆರಾವನ್ನೇ ಕೊಳ್ಳಿ; ಈ ಒಂದು ವಿಷಯದಲ್ಲಿ ರಾಜಿ ಬೇಡ. ಅಪಘಾತದಲ್ಲಿ ವಿದ್ಯುತ್ ಸಂಪರ್ಕ ಕಡಿದುಹೋದಾಗ ಕೊನೆಯ ಫೈಲನ್ನು ಸರಿಯಾಗಿ ಮುಚ್ಚಲು ಬೇಕಾಗುವ ಕೆಲವು ಸೆಕೆಂಡುಗಳ ಶಕ್ತಿಯನ್ನು ಅದು ಒದಗಿಸುತ್ತದೆ. ಎಂಪಿ4 ಫೈಲು ಅರ್ಧದಲ್ಲಿ ತುಂಡಾದರೆ ಸಾಮಾನ್ಯವಾಗಿ ತೆರೆಯುವುದೇ ಇಲ್ಲ, ಮತ್ತು ನಮಗೆ ಬೇಕಾಗಿರುವುದು ಆ ಕೊನೆಯ ಫೈಲೇ ಆಗಿರುತ್ತದೆ.

ಕಾರ್ಡಿನ ವಿಚಾರದಲ್ಲಿ ಉಳಿತಾಯ ಮಾಡಹೋದವರು ಕ್ಯಾಮೆರಾಕ್ಕೆ ಕೊಟ್ಟ ಹಣವನ್ನೂ ಕಳೆದುಕೊಳ್ಳುತ್ತಾರೆ. ಸೆಕೆಂಡಿಗೆ 40 ಮೆಗಾಬಿಟ್ ವೇಗದಲ್ಲಿ ರೆಕಾರ್ಡ್ ಮಾಡಿದರೆ ಗಂಟೆಗೆ 18 ಜಿಬಿ ತುಂಬುತ್ತದೆ. 128 ಜಿಬಿ ಕಾರ್ಡ್ ಏಳು ಗಂಟೆಯಲ್ಲಿ ಭರ್ತಿಯಾಗಿ, ಹಳೆಯದನ್ನು ಅಳಿಸಿ ಮತ್ತೆ ಬರೆಯಲು ತೊಡಗುತ್ತದೆ. ಹೀಗೆ ಎಡೆಬಿಡದೆ ಬರೆಸಿಕೊಳ್ಳಲು ಮೊಬೈಲಿನ ಸಾಮಾನ್ಯ ಕಾರ್ಡನ್ನು ರೂಪಿಸಿರುವುದಿಲ್ಲ. ‘ಹೈ ಎಂಡ್ಯೂರೆನ್ಸ್’ ಎಂದು ನಮೂದಿಸಿರುವ, ಬರೆಯುವ ವೇಗವನ್ನು ಸೂಚಿಸುವ ವಿ30 ಅಥವಾ ಯು3 ಗುರುತಿನ ಕಾರ್ಡನ್ನು ನಂಬಿಕಸ್ಥ ಮಾರಾಟಗಾರರಿಂದ ಕೊಂಡು, ತಿಂಗಳಿಗೊಮ್ಮೆ ಬೇಕಾದ ಫೈಲುಗಳನ್ನು ನಕಲು ಮಾಡಿಕೊಂಡ ಮೇಲೆ ಕ್ಯಾಮೆರಾದಲ್ಲಿಯೇ ಫಾರ್ಮ್ಯಾಟ್ ಮಾಡಿ. ಕುಲುಕಾಟವನ್ನು ಗುರುತಿಸಿ ಆ ಹೊತ್ತಿನ ಫೈಲು ಅಳಿಯದಂತೆ ಬೀಗ ಹಾಕುವ ಜಿ-ಸೆನ್ಸರಿನ ಸೂಕ್ಷ್ಮತೆಯನ್ನು ಕಡಿಮೆ ಇಡುವುದೂ ಅಗತ್ಯ, ಏಕೆಂದರೆ ಪ್ರತಿ ಹಳ್ಳದ ಕುಲುಕಾಟವನ್ನೂ ಅಪಘಾತವೆಂದು ತಿಳಿದು ಬೀಗ ಹಾಕಿದ ಫೈಲುಗಳೇ ಕಾರ್ಡನ್ನು ತುಂಬಿಬಿಡುವುದುಂಟು.

ಕಾರು ನಿಂತಿರುವಾಗಲೂ ಕಾವಲು ಬೇಕಾದವರು ಫ್ಯೂಸ್ ಬಾಕ್ಸಿನಿಂದ ವಿದ್ಯುತ್ ಪಡೆಯುವ ಹಾರ್ಡ್‌ವೈರ್ ಕಿಟ್ಟನ್ನು ಹಾಕಿಸಬೇಕು. 12 ವೋಲ್ಟ್ ಬ್ಯಾಟರಿಯ ಒತ್ತಡ 12.2 ವೋಲ್ಟಿನ ಆಸುಪಾಸಿಗೆ ಇಳಿದಾಗ ತಾನಾಗಿ ಸಂಪರ್ಕ ಕಡಿಯುವ ವ್ಯವಸ್ಥೆ ಅದರಲ್ಲಿರಲಿ, ಇಲ್ಲವಾದರೆ ಬೆಳಿಗ್ಗೆ ಕಾರು ಸ್ಟಾರ್ಟ್ ಆಗದೇ ಹೋಗಬಹುದು. ಮುಂಗಾಜಿನ ಪಕ್ಕದ ಕಂಬದಲ್ಲಿ ಏರ್‌ಬ್ಯಾಗ್ ಇದ್ದರೆ ವೈರು ಅದರ ಮುಂದೆ ಹಾಯದೆ ಹಿಂದಿನಿಂದ ಹೋಗಬೇಕೆಂದು ಮೆಕ್ಯಾನಿಕ್‌ಗೆ ಸ್ಪಷ್ಟವಾಗಿ ಹೇಳಿ. ಕ್ಯಾಮೆರಾವನ್ನು ಒಳಗನ್ನಡಿಯ ಹಿಂದೆ, ವೈಪರ್ ಒರೆಸುವ ಜಾಗದಲ್ಲಿ ಕೂರಿಸಿ. ಸಮಯ ಮತ್ತು ವೇಗವನ್ನು ನಿಖರವಾಗಿ ದಾಖಲಿಸುವ ಜಿಪಿಎಸ್ ಇರಲಿ. ಲೇನ್ ತಪ್ಪಿದರೆ ಎಚ್ಚರಿಸುವಂಥ ಸೌಲಭ್ಯಗಳಿಗಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ.

ಕೊಂಡ ಮೇಲೆ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ, ಕಾರನ್ನು ಒಂದು ಮಧ್ಯಾಹ್ನ ಬಿಸಿಲಿನಲ್ಲಿ ನಿಲ್ಲಿಸಿ, ಬಳಿಕ ಕ್ಯಾಮೆರಾ ತಾನಾಗಿ ಚಾಲೂ ಆಗುತ್ತದೆಯೇ ನೋಡಿ. ಅದೇ ರಾತ್ರಿ ಅರ್ಧ ಗಂಟೆ ಓಡಿಸಿ, ಕಾರು ನಿಲ್ಲಿಸಿದ ನಂತರ ರೆಕಾರ್ಡಿಂಗ್ ನಡೆಯುತ್ತಿರುವಾಗಲೇ ಪ್ಲಗ್ಗನ್ನು ಕಿತ್ತು, ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಕೊನೆಯ ಫೈಲನ್ನು ತೆರೆಯಿರಿ. ಅದು ತೆರೆಯದಿದ್ದರೆ, ಅಥವಾ ಸಿಗ್ನಲ್ಲಿನಲ್ಲಿ ನಿಮ್ಮ ಮುಂದೆ ನಿಂತಿದ್ದ ಕಾರಿನ ನಂಬರ್ ಓದಲಾಗದಿದ್ದರೆ, ಡಬ್ಬಿಯಲ್ಲಿಟ್ಟು ಹಿಂದಿರುಗಿಸಿ.