ಗಂಡುಹುಡುಗರ ಎದೆ ದಪ್ಪಗಾದಾಗ ನಾನು ನೋಡುವ ರೀತಿ

ಜಮಖಂಡಿ, ಮುಧೋಳದ ಕಡೆ ಗರಡಿಮನೆಗೆ ಹೋಗುವ ಹುಡುಗ ಅಂಗಿ ಬಿಚ್ಚಲು ಒಲ್ಲೆ ಅಂದರೆ ಮನೆಯವರಿಗೆ ಬೇಗ ಅನುಮಾನ ಬರುತ್ತದೆ. "ಸಾಹೇಬ್ರ, ಇವನ ಎದಿ ಹೆಣ್ಮಕ್ಕಳಂಗ ಆಗಾಕತ್ತಾವ್ರಿ, ಆಪರೇಷನ್ ಮಾಡಿಸಬೇಕೇನ್ರಿ?" ಅಂತ ಅಪ್ಪ ಬಂದವರೇ ಕೇಳುತ್ತಾರೆ. ಹುಡುಗ ತಲೆ ಎತ್ತುವುದಿಲ್ಲ. ಅಪ್ಪನನ್ನು ಪರದೆಯ ಈಚೆ ಕೂರಿಸಿ, ಹುಡುಗನ ಮಾತು ಮೊದಲು ಕೇಳುತ್ತೇನೆ.

ಆಮೇಲೆ ಅಂಗಾತ ಮಲಗಿಸಿ, ಕೈಗಳನ್ನು ತಲೆಯ ಕೆಳಗೆ ಇಡಿಸುತ್ತೇನೆ. ಹೆಬ್ಬೆರಳು, ತೋರುಬೆರಳನ್ನು ಎದೆಯ ಎರಡು ಬದಿಯಿಂದ ಮೆಲ್ಲಗೆ ತೊಟ್ಟಿನತ್ತ ತರಬೇಕು. ಬರೀ ಕೊಬ್ಬಾದರೆ ಬೆರಳುಗಳಿಗೆ ಏನೂ ತಡೆ ಸಿಗುವುದಿಲ್ಲ. ಸ್ತನದ ಗ್ರಂಥಿಯೇ ಬೆಳೆದಿದ್ದರೆ ತೊಟ್ಟಿನ ಸರಿ ಕೆಳಗೆ ರಬ್ಬರ್ ಬಿಲ್ಲೆಯಂಥದ್ದು ಸಿಗುತ್ತದೆ, ಒತ್ತಿದರೆ ನೋಯುತ್ತದೆ. ಅದರ ಅಗಲ ಅಳೆದು ಚೀಟಿಯಲ್ಲಿ ಬರೆದಿಡುತ್ತೇನೆ.

13-14ರ ವಯಸ್ಸಿನಲ್ಲಿ ಇದು ಬಹಳ ಸಾಮಾನ್ಯ. ಗಂಡಸರ ಮೈಯಲ್ಲೂ ಹೆಣ್ಣಿನ ಹಾರ್ಮೋನ್ ಈಸ್ಟ್ರೋಜನ್ ಇರುತ್ತದೆ. ಹರೆಯ ಬರುವಾಗ ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್ ಜೊತೆಗಿನ ಅದರ ಪ್ರಮಾಣ ಸ್ವಲ್ಪ ದಿನ ಏರುಪೇರಾಗುತ್ತದೆ. ಹೆಚ್ಚಿನವರಲ್ಲಿ 6 ತಿಂಗಳಿಂದ 2 ವರ್ಷದೊಳಗೆ ತಾನಾಗಿ ಇಳಿಯುತ್ತದೆ. "ಇದು ಗಂಡಸ್ತನದ ದೋಷ ಅಲ್ಲಪಾ" ಅಂತ ಹುಡುಗನಿಗೇ ಹೇಳುತ್ತೇನೆ. ಆ ಮಾತು ಅವನ ಕಿವಿಗೆ ಬೀಳುವುದು ಗುಳಿಗೆಗಿಂತ ಮುಖ್ಯ.

ವೃಷಣ ನೋಡದೆ ಮಾತ್ರ ಯಾರನ್ನೂ ಕಳಿಸಬಾರದು. ಅಲ್ಲಿನ ಗಡ್ಡೆಯೂ ಎದೆಯನ್ನು ಬೆಳೆಸಬಲ್ಲದು. ತೀರ ಸಣ್ಣ, ಗಟ್ಟಿ ವೃಷಣ ಸಿಕ್ಕರೆ ಹಾರ್ಮೋನ್ ಮತ್ತು ಕ್ರೋಮೋಸೋಮ್ ತಪಾಸಣೆಗೆ ಬರೆಯುತ್ತೇನೆ.

ದೊಡ್ಡವರಾದರೆ ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಚೀಲಸಮೇತ ತರಲು ಹೇಳುತ್ತೇನೆ. ಅರ್ಧ ಉತ್ತರ ಅಲ್ಲೇ ಇರುತ್ತದೆ: ಮೈಯ ನೀರಿಳಿಸುವ ಸ್ಪೈರೊನೊಲ್ಯಾಕ್ಟೋನ್, ಶಿಲೀಂಧ್ರ ಸೋಂಕಿಗೆ ಕೊಡುವ ಕೀಟೊಕೊನಜೋಲ್, ಪ್ರಾಸ್ಟೇಟಿಗೆ ಕೊಡುವ ಫಿನಾಸ್ಟರೈಡ್, ಮಾನಸಿಕ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್. ಕುಡಿತದಿಂದ ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ರೋಗವೂ ಕಾರಣ, ಆ ನೀರಿಳಿಸಲು ಕೊಟ್ಟ ಸ್ಪೈರೊನೊಲ್ಯಾಕ್ಟೋನ್ ಕೂಡ ಕಾರಣ. ಹಾಗಂತ ತಾವೇ ಗುಳಿಗೆ ನಿಲ್ಲಿಸಬಾರದು, ಬರೆದ ವೈದ್ಯರು ಬದಲಿಸಬೇಕು. ಜಿಮ್ಮಿನಲ್ಲಿ ಯಾರೋ ಚುಚ್ಚಿದ ಸ್ಟೆರಾಯ್ಡ್ ಸೂಜಿಯ ಬಗ್ಗೆ ಕೆದಕಿ ಕೇಳಿದರಷ್ಟೇ ಬಾಯಿ ಬಿಡುತ್ತಾರೆ. ಬೈದರೆ ಮುಂದಿನ ಸಲ ಬರುವುದೇ ಇಲ್ಲ.

ಒಂದೇ ಬದಿಗೆ, ತೊಟ್ಟಿನಿಂದ ಸರಿದು ಕಲ್ಲಿನಂತೆ ಗಟ್ಟಿಯಾದ ಗಂಟು, ಚರ್ಮ ಒಳಗೆಳೆದಂತಿರುವುದು, ತೊಟ್ಟಿನಿಂದ ರಕ್ತ, ಕಂಕುಳಲ್ಲಿ ಗಂಟು: ಇದ್ಯಾವುದು ಕಂಡರೂ ಕಾಯುವ ಮಾತೇ ಇಲ್ಲ. ಗಂಡಸರಿಗೂ ಸ್ತನ ಕ್ಯಾನ್ಸರ್ ಬರುತ್ತದೆ, ವಿರಳವಾದರೂ.

ನೋವಿರುವ ಹೊಸ ಗ್ರಂಥಿಗೆ ಕೆಲವರಲ್ಲಿ ಟಮಾಕ್ಸಿಫೆನ್ ಎಂಬ ಈಸ್ಟ್ರೋಜನ್ ತಡೆಯುವ ಗುಳಿಗೆ ಕೆಲಸ ಮಾಡುತ್ತದೆ. ವರ್ಷ ದಾಟಿ ಗ್ರಂಥಿ ನಾರುಗಟ್ಟಿದರೆ ಔಷಧಿಗೆ ಬಗ್ಗುವುದಿಲ್ಲ, ಆಗ ಆಪರೇಷನ್. ತೊಟ್ಟಿನ ಸುತ್ತಿನ ಕಪ್ಪು ಭಾಗದ ಕೆಳಅಂಚಿನಲ್ಲಿ ಅರ್ಧಚಂದ್ರದಂತೆ ಕೊಯ್ದು ತೆಗೆಯುತ್ತಾರೆ. ಪೂರ್ತಿ ಕಿತ್ತರೆ ತೊಟ್ಟು ತಗ್ಗಿಗೆ ಬೀಳುತ್ತದೆ, ಅದರ ಅಡಿಯಲ್ಲಿ ತೆಳುವಾದ ಪದರ ಬಿಡಬೇಕು. ಆ ಕೈಚಳಕ ಇರುವ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಬೆಳಗಾವಿಗೆ ಕಳಿಸುತ್ತೇನೆ, ತೆಗೆದದ್ದನ್ನು ಬಯಾಪ್ಸಿಗೆ ಹಾಕಿ ಅಂತ ಚೀಟಿಯಲ್ಲೇ ಬರೆದಿರುತ್ತೇನೆ.