ಏರ್‌ಪೋರ್ಟ್ ತಪಾಸಣೆ: ‘ಎಲ್ಲಾ ಸರಿ ಇತ್ತು’ ಅಂದವರನ್ನು ಇನ್ನೊಮ್ಮೆ ಕೇಳಿ

ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ. ವಿಮಾನ ಹತ್ತುವವರಿಗೇನೂ ಕಮ್ಮಿ ಇಲ್ಲ. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ನಿಲ್ದಾಣ ಶುರುವಾದ ಮೇಲೆ ವಿರಾಜಪೇಟೆ ಕಡೆಯವರು ಮಾಕುಟ್ಟ ಘಾಟಿ ಇಳಿದು ಆ ನಿಲ್ದಾಣವಿರುವ ಮಟ್ಟನ್ನೂರಿಗೆ ಹೋಗುತ್ತಾರೆ. ಸಂಪಾಜೆ ಕಡೆಯವರಿಗೆ ಮಂಗಳೂರು, ಕುಶಾಲನಗರದವರಿಗೆ ಬೆಂಗಳೂರು. ಕಾಲೇಜು ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದರೆ ಇದು ಒಳ್ಳೆಯದು: ಭದ್ರತಾ ತಪಾಸಣೆ ಬಗ್ಗೆ ನಮ್ಮ ಜನಕ್ಕೆ ಏನನ್ನಿಸಿತು?

ನಾನು ಮೊದಲ ಸಲ ಪ್ರಶ್ನೆಪಟ್ಟಿ ಹಿಡಿದು ಹೋದದ್ದು ಪಕ್ಕದ ತೋಟದ ಹಿರಿಯರೊಬ್ಬರ ಬಳಿ. ಸೇನೆಯಿಂದ ನಿವೃತ್ತರು. ‘ತಪಾಸಣೆ ತೃಪ್ತಿಕರವಾಗಿತ್ತೇ?’ ಎಂದೆ. ‘ಎಲ್ಲಾ ಸರಿ ಇತ್ತು ಮಗಾ’ ಎಂದರು. ಐದಕ್ಕೆ ಐದು ಅಂಕ. ಆಮೇಲೆ ಕಾಫಿ ಬಂತು. ಲೋಟ ಖಾಲಿಯಾಗುವಷ್ಟರಲ್ಲಿ ಗೊತ್ತಾಯಿತು: ದುಬೈನಲ್ಲಿರುವ ಮಗಳಿಗೆಂದು ಒಯ್ದ ಕಾಚಂಪುಳಿ (ಅಡುಗೆಗೆ ಹಾಕುವ ನಮ್ಮ ಕೊಡಗಿನ ಹುಳಿ ರಸ) ಬಾಟಲಿಯನ್ನು ಕೈಚೀಲದಿಂದ ತೆಗೆಸಿದ್ದಾರೆ. ಮಂಡಿಯೊಳಗಿನ ಲೋಹದ ಕೀಲಿನಿಂದಾಗಿ ಲೋಹ ಪತ್ತೆ ಮಾಡುವ ಬಾಗಿಲು ಬೀಪ್ ಅಂದಿದೆ. ಬೆಲ್ಟು ಟ್ರೇಗೆ ಹೋಗಿತ್ತಲ್ಲ, ಒಂದು ಕೈಯಲ್ಲಿ ಪ್ಯಾಂಟ್ ಹಿಡಿದುಕೊಂಡು ಇನ್ನೊಂದು ಕೈ ಎತ್ತಿ ನಿಂತಿದ್ದಾರೆ. ಇದಕ್ಕೆ ಐದಕ್ಕೆ ಐದು!

ತಪ್ಪು ಅವರದ್ದಲ್ಲ, ನನ್ನ ಪ್ರಶ್ನೆಯದ್ದು. ತೃಪ್ತಿ ಅನ್ನುವ ಮಾತು ಊಟಕ್ಕೆ ಸರಿ. ಸಾಲಿನಲ್ಲಿ ನಿಂತು ಬಂದವರನ್ನು ಬೇರೆ ಥರ ಕೇಳಬೇಕು.

ಮೊದಲು ತಪಾಸಣೆಯನ್ನು ತುಂಡು ಮಾಡಿ

ಸಾಲು, ಟ್ರೇಗೆ ಸಾಮಾನು ಹಾಕುವುದು, ಲೋಹ ಪತ್ತೆ ಮಾಡುವ ಬಾಗಿಲು, ಕೈಯಿಂದ ಮೈ ತಡವಿ ನೋಡುವುದು, ಚೀಲ ಬಿಚ್ಚಿಸುವುದು, ಕೊನೆಗೆ ಸಾಮಾನು ವಾಪಸ್ ಎತ್ತಿಕೊಳ್ಳುವುದು. ಒಂದೊಂದಕ್ಕೂ ಒಂದೊಂದು ಪ್ರಶ್ನೆ. ಅಭಿಪ್ರಾಯಕ್ಕಿಂತ ಮೊದಲು ನಡೆದದ್ದನ್ನು ಕೇಳಿ. ‘ಎಷ್ಟು ನಿಮಿಷ ನಿಂತಿರಿ?’ ‘ಚೀಲ ಯಾಕೆ ತೆಗೆಸಿದ್ದು ಅಂತ ಹೇಳಿದರಾ?’ ಹೆಂಗಸರಿಗೆ: ‘ಪರದೆಯ ಒಳಗೆ ಮಹಿಳಾ ಸಿಬ್ಬಂದಿಯೇ ಇದ್ದರಾ?’

ನಿಯಮದ ಮೇಲಿನ ಸಿಟ್ಟು ಬೇರೆ, ನಡವಳಿಕೆಯ ಮೇಲಿನ ಸಿಟ್ಟು ಬೇರೆ. ವಿದೇಶ ವಿಮಾನದ ಕೈಚೀಲದಲ್ಲಿ ದ್ರವದ ಬಾಟಲಿ 100 ಮಿ.ಲೀ. ಮೀರುವಂತಿಲ್ಲ. ಕಾಚಂಪುಳಿ ಹೋದದ್ದು ಆ ನಿಯಮದಿಂದ. ಆದರೆ ಅದನ್ನು ಹೇಗೆ ಹೇಳಿದರು ಎನ್ನುವುದು ಎದುರಿಗೆ ನಿಂತವರ ಕೈಯಲ್ಲಿದೆ. ಹಾಗೇ, ನಮ್ಮ ದೇಶದ ಹೆಚ್ಚಿನ ನಿಲ್ದಾಣಗಳಲ್ಲಿ ತಪಾಸಣೆ ಮಾಡುವುದು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆ. ಜಾಗ, ಟ್ರೇ ಎಲ್ಲ ನಿಲ್ದಾಣದವರ ಜವಾಬ್ದಾರಿ. ಎರಡನ್ನೂ ಒಂದೇ ಪ್ರಶ್ನೆಗೆ ತುರುಕಿದರೆ ದೂರು ಯಾರಿಗೆ ಸೇರಬೇಕೋ ಗೊತ್ತಾಗುವುದಿಲ್ಲ.

ಉತ್ತರದ ಮಾತು ಸರಿಯಾಗಿರಲಿ

ಉತ್ತರಕ್ಕೆ ‘ತುಂಬಾ ಕೆಟ್ಟದಾಗಿತ್ತು’ ಎಂಬ 1ರಿಂದ ‘ತುಂಬಾ ಚೆನ್ನಾಗಿತ್ತು’ ಎಂಬ 5ರವರೆಗೆ ಐದು ಮೆಟ್ಟಿಲು ಸಾಕು. ಆದರೆ ನಡುವಿನ ಮೆಟ್ಟಿಲಿಗೆ ‘ಪರವಾಗಿಲ್ಲ’ ಎಂದು ಬರೆಯಬೇಡಿ. ನಮ್ಮಲ್ಲಿ ಕೆಲವರಿಗೆ ಅದು ಹೊಗಳಿಕೆ, ಕೆಲವರಿಗೆ ಬೇಸರ. ‘ಚೆನ್ನಾಗೂ ಇಲ್ಲ, ಕೆಟ್ಟದಾಗೂ ಇಲ್ಲ’ ಅಂತಲೇ ಇರಲಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು ಮಾತಾಡುವವರ ಮನೆಗೆ ಆ ಭಾಷೆ ಬರುವ ಗೆಳೆಯರನ್ನು ಕರೆದುಕೊಂಡು ಹೋಗಿ. ಎಲ್ಲರೂ ಒಂದೇ ಅರ್ಥ ಬರುವಂತೆ ಕೇಳಬೇಕು. ಅದನ್ನು ಮೊದಲೇ ಕೂತು ಮಾತಾಡಿಕೊಳ್ಳಿ.

ಪಟ್ಟಿಯನ್ನು ಮನೆಯವರ ಮೇಲೆ ಒಮ್ಮೆ ಪ್ರಯೋಗಿಸಿ. ಅಜ್ಜಿ ‘ಅಂದ್ರೆ?’ ಎಂದ ಪ್ರಶ್ನೆಯನ್ನು ಬದಲಿಸಿ.

ಎಲ್ಲಿ, ಯಾರನ್ನು?

ದೊಡ್ಡ ಸರ್ವೆಗಳಲ್ಲಿ ವಿಮಾನ ಹತ್ತುವ ಗೇಟಿನ ಬಳಿಯೇ ಕೇಳುತ್ತಾರೆ. ನೆನಪು ಬಿಸಿಯಾಗಿರುತ್ತದೆ, ಕಾಯುವ ಹೊತ್ತೂ ಇರುತ್ತದೆ. ಅಲ್ಲಿಗೆ ಹೋಗಲು ನಿಲ್ದಾಣದವರ ಅನುಮತಿ ಬೇಕು, ಒಳಗೆ ಬಿಡುವ ಪಾಸ್ ಬೇಕು. ಸುಮ್ನೆ ಹೋಗಿ ನಿಲ್ಲಬೇಡಿ. ತಪಾಸಣೆ ಜಾಗದಲ್ಲಿ ಫೋಟೊ ಬೇಡವೇ ಬೇಡ. ಯಂತ್ರ ಹೇಗೆ ಕೆಲಸ ಮಾಡುತ್ತದೆ, ಏನು ತಪ್ಪಿಸಿಕೊಂಡಿತು ಎಂದು ಕೆದಕುವುದೂ ಬೇಡ. ಹೆಸರು, ಟಿಕೆಟ್ ನಂಬರ್ ಬರೆದುಕೊಳ್ಳಬೇಡಿ.

ಅನುಮತಿ ಸಿಗದಿದ್ದರೆ ಊರಲ್ಲೇ ಕೇಳಿ. ಇಲ್ಲೊಂದು ಗುಂಡಿ ಇದೆ, ನಾನು ಬಿದ್ದದ್ದು. ಕಣ್ಣೂರಿನಿಂದ ಟ್ಯಾಕ್ಸಿಯಲ್ಲಿ ಬಂದಿಳಿದವರನ್ನು ಕೇಳಿ ಎಲ್ಲವನ್ನೂ ಕಣ್ಣೂರಿನ ಲೆಕ್ಕಕ್ಕೆ ಬರೆದೆ. ಬಂದವರ ಚೀಲ ನೋಡಿದ್ದು ಅವರು ವಿಮಾನ ಹತ್ತಿದ ಊರಲ್ಲಿ ಅಲ್ವಾ? ದುಬೈ ಸಾಲಿನ ಬೈಗುಳ ಕಣ್ಣೂರಿನ ತಲೆಗೆ ಬಿತ್ತು. ಹಾಗಾಗಿ ಮೊದಲ ಪ್ರಶ್ನೆ: ‘ಯಾವ ನಿಲ್ದಾಣದ ತಪಾಸಣೆ, ಯಾವ ತಿಂಗಳು?’ ಎರಡನೆಯದು: ‘ವಿಮಾನಕ್ಕೆ ಎಷ್ಟು ಹೊತ್ತು ಮೊದಲು ತಲುಪಿದಿರಿ?’ ಮಳೆಗಾಲದಲ್ಲಿ ಘಾಟಿಯಲ್ಲಿ ತಡವಾಗಿ ಓಡಿ ಬಂದವರಿಗೆ ಹತ್ತು ನಿಮಿಷದ ಸಾಲೂ ಒಂದು ಗಂಟೆಯೇ.

ಪರಿಚಯದವರನ್ನೇ, ನಗುಮುಖದವರನ್ನೇ ಆರಿಸಬೇಡಿ. ಗೇಟಿನಲ್ಲಾದರೆ ಪ್ರತಿ ಐದನೆಯವರು ಎಂದು ಎಣಿಸಿ. ಬೇರೆ ಬೇರೆ ಹೊತ್ತು, ಬೇರೆ ಬೇರೆ ದಿನ ಹೋಗಿ. ಹೀಗೆ ಆರಿಸಿದ 100 ಮಂದಿಯಿಂದ ಬಂದ ಲೆಕ್ಕ ಸುಮಾರು ಶೇ 10ರಷ್ಟು ಆಚೀಚೆ ಇರಬಹುದು. ಅದನ್ನು ಶೇ 5ಕ್ಕೆ ಇಳಿಸಲು ಸುಮಾರು 385 ಮಂದಿ ಬೇಕು.

ಲೆಕ್ಕ ಹಾಕುವಾಗ

ಸರಾಸರಿ ಒಂದನ್ನೇ ನಂಬಬೇಡಿ. ಹತ್ತೂ ಮಂದಿ 4 ಕೊಟ್ಟರೂ ಸರಾಸರಿ 4. ಐವರು 5, ಐವರು 3 ಕೊಟ್ಟರೂ 4. ಯಾವ ಅಂಕ ಎಷ್ಟು ಮಂದಿ ಎಂದು ಬಿಡಿಸಿ ಬರೆಯಿರಿ. ಹೆಂಗಸರು, ವಯಸ್ಸಾದವರು, ಮೊದಲ ಸಲ ಹಾರಿದವರು, ಮೈಯಲ್ಲಿ ಲೋಹದ ಕೀಲು ಇರುವವರನ್ನು ಬೇರೆಯಾಗಿ ನೋಡಿ. ನಲವತ್ತೇ ಜನರನ್ನು ಕೇಳಿದ್ದರೆ ಶೇಕಡಾ ಲೆಕ್ಕಕ್ಕೆ ದಶಾಂಶ ಹಾಕಬೇಡಿ, ನಗೆಪಾಟಲಾಗುತ್ತೆ.

ಕೊನೆಯಲ್ಲಿ ಒಂದು ಖಾಲಿ ಸಾಲು ಬಿಡಿ: ‘ಒಂದೇ ಒಂದು ಬದಲಿಸುವುದಾದರೆ ಏನು?’ ಆ ಹಿರಿಯರನ್ನು ಎರಡನೇ ಸಲ ಇದನ್ನೇ ಕೇಳಿದೆ. ತಡ ಮಾಡದೆ ಹೇಳಿದರು: ‘ಬೆಲ್ಟು ಹಾಕ್ಕೊಳ್ಳೋಕೆ ಒಂದು ಕುರ್ಚಿ.’