ವರ್ಷಕ್ಕೊಮ್ಮೆ ಬರುವ ಖರ್ಚು ನಮ್ಮನ್ನು ಸಾಲಕ್ಕೆ ತಳ್ಳಿತ್ತು

ನಮ್ಮ ಮನೆಯಲ್ಲಿ ದುಡಿಯುವವರು ಇಬ್ಬರು. ದುಂದು ಮಾಡುವವರು ಯಾರೂ ಇಲ್ಲ. ಆದರೂ ಆರು ವರ್ಷದ ಹಿಂದೆ ಕೆಲವು ತಿಂಗಳು 22ನೇ ತಾರೀಕು ದಾಟುವ ಹೊತ್ತಿಗೆ ಕೈ ಖಾಲಿಯಾಗುತ್ತಿತ್ತು. ಕ್ರೆಡಿಟ್ ಕಾರ್ಡಿನ ಬಾಕಿ ಬೆಳೆಯುತ್ತಲೇ ಇತ್ತು. ಸಂಬಳ ಜಾಸ್ತಿಯಾದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆವು. ಸಂಬಳ ಜಾಸ್ತಿಯಾಯಿತು, ಬಾಕಿ ಮಾತ್ರ ಇಳಿಯಲಿಲ್ಲ.

ಬರೆದಿಡೋಣ ಅಂತ ಶುರು ಮಾಡಿದೆ. ಮೊದಲು ಮೊಬೈಲ್ ಆ್ಯಪ್ ಹಾಕಿಕೊಂಡೆ. ಅದು ನನ್ನ ಫೋನಿನಲ್ಲಿತ್ತು, ಹಾಗಾಗಿ ನಾನೊಬ್ಬಳೇ ಬರೆಯುತ್ತಿದ್ದೆ. ಒಂದು ವಾರಕ್ಕೆ ನಿಂತುಹೋಯಿತು. ಆಮೇಲೆ 200 ಪುಟದ ಒಂದು ನೋಟ್‌ಬುಕ್ ತಂದು ಫ್ರಿಜ್ ಮೇಲೆ ಇಟ್ಟೆ. ಪೆನ್ನನ್ನು ದಾರದಿಂದ ಅದಕ್ಕೇ ಕಟ್ಟಿದೆ. ಪ್ರತಿ ಪುಟಕ್ಕೂ ಮೂರೇ ಕಾಲಂ: ತಾರೀಕು, ಯಾವುದಕ್ಕೆ, ಎಷ್ಟು. ಹೊರಗಿನಿಂದ ಬಂದವರು ಚಪ್ಪಲಿ ಬಿಟ್ಟು ಮೊದಲು ಅಲ್ಲಿ ಬರೆಯಬೇಕು. ಮಕ್ಕಳೂ ಬರೆದರು. ಜೊತೆಗೆ ಒಂದು ನಿಯಮ ಮಾಡಿಕೊಂಡೆವು. ಬರೆದದ್ದನ್ನು ನೋಡಿ ಯಾರೂ ಯಾರನ್ನೂ ಬೈಯುವಂತಿಲ್ಲ. ಇದು ತುಂಬಾ ಮುಖ್ಯ. ಒಂದು ಸಲ ಬೈದರೆ ಸಾಕು, ಮರುದಿನದಿಂದ ಖರ್ಚು ಪುಸ್ತಕಕ್ಕೆ ಬರುವುದೇ ಇಲ್ಲ.

ಮೂರು ತಿಂಗಳಾದ ಮೇಲೆ ಒಂದು ರಾತ್ರಿ ಇಬ್ಬರೂ ಕೂತು ಕೂಡಿದೆವು. ಚಿಲ್ಲರೆ ಖರ್ಚೇ ನಮ್ಮನ್ನು ಮುಳುಗಿಸುತ್ತಿದೆ ಅಂತ ನಾನು ನಂಬಿದ್ದೆ. ಲೆಕ್ಕ ಹಾಕಿದರೆ ಅಂಥದ್ದು 100ಕ್ಕೆ 7 ಕೂಡ ಇರಲಿಲ್ಲ. ಮೂರರಲ್ಲಿ ಎರಡು ತಿಂಗಳು ಸಲೀಸಾಗಿ ದಾಟಿತ್ತು. ಎಡವಿದ್ದು ಒಂದೇ ತಿಂಗಳು. ಆ ತಿಂಗಳು ವಿಮೆಯ ಪ್ರೀಮಿಯಂ ಮತ್ತು ಮಕ್ಕಳ ಸ್ಕೂಲ್ ಫೀಸು ಒಟ್ಟಿಗೆ ಬಂದಿದ್ದವು. ನಮ್ಮ ಮನೆಯವರು ಆ ಪುಟದ ಮೇಲೆ ಬೆರಳಿಟ್ಟು, "ಇದು ಬರುತ್ತೆ ಅಂತ ನಮಗೆ ಗೊತ್ತಿರಲಿಲ್ವಾ?" ಅಂದರು. ಗೊತ್ತಿತ್ತು. ಪ್ರತಿ ವರ್ಷ ಅದೇ ತಿಂಗಳು, ಹೆಚ್ಚುಕಡಿಮೆ ಅಷ್ಟೇ ಮೊತ್ತ. ಆದರೂ ಪ್ರತಿ ಸಲ ಇದ್ದಕ್ಕಿದ್ದಂತೆ ಮೇಲೆ ಬಿದ್ದ ಖರ್ಚಿನ ಹಾಗೆ ಕಾರ್ಡ್ ಉಜ್ಜಿ ಕಟ್ಟುತ್ತಿದ್ದೆವು.

ಆ ರಾತ್ರಿಯೇ ಬ್ಯಾಂಕಿನ ಒಂದು ವರ್ಷದ ಸ್ಟೇಟ್‌ಮೆಂಟ್ ತೆಗೆದೆವು. ತಿಂಗಳು ತಿಂಗಳು ಬರದೆ ವರ್ಷಕ್ಕೆ ಒಂದೋ ಎರಡೋ ಸಲ ಬರುವ ಖರ್ಚನ್ನೆಲ್ಲ ಬೇರೆ ಹಾಳೆಗೆ ಇಳಿಸಿದೆವು. ಜೀವ ವಿಮೆ, ಆರೋಗ್ಯ ವಿಮೆ, ಗಾಡಿಯ ವಿಮೆ, ಗಾಡಿ ಸರ್ವಿಸು, ಟೈರು, ಮನೆ ತೆರಿಗೆ, ಫೀಸು, ಯೂನಿಫಾರ್ಮು, ಊರಿಗೆ ಹೋಗಿಬರುವ ಖರ್ಚು, ಉಡುಗೊರೆ, ಕನ್ನಡಕ. ಒಟ್ಟು 11 ಬಾಬ್ತು. ಎಲ್ಲ ಕೂಡಿಸಿ 12ರಿಂದ ಭಾಗಿಸಿದೆ. ಬಂದದ್ದು ನಮ್ಮ ತಿಂಗಳ ಸಂಬಳದಲ್ಲಿ 100ಕ್ಕೆ 17.

ಅಂದರೆ ನಮ್ಮ ಕೈಗೆ 100 ಬರುತ್ತದೆ ಅಂತ ನಾವು ಬದುಕುತ್ತಿದ್ದೆವು. ನಿಜಕ್ಕೂ ಬರುತ್ತಿದ್ದದ್ದು 83. ಉಳಿದ 17 ಆಗಲೇ ಬೇರೆ ಯಾವುದೋ ತಿಂಗಳಿಗೆ ಸೇರಿದ ಹಣ. ಸಲೀಸಾಗಿ ದಾಟಿದ ತಿಂಗಳುಗಳಲ್ಲಿ ನಾವು ಅದನ್ನೇ ತಿಂದು ಮುಗಿಸುತ್ತಿದ್ದೆವು.

ಇಷ್ಟು ಅರ್ಥವಾದ ಮೇಲೆ ಬೇರೆ ಬ್ಯಾಂಕಿನಲ್ಲಿ ಒಂದು ಉಳಿತಾಯ ಖಾತೆ ತೆರೆದೆವು. ಅದಕ್ಕೆ ಕಾರ್ಡ್ ಇಲ್ಲ, ಫೋನಿನಲ್ಲಿ ಹಣ ಕಳಿಸುವ ಸೌಕರ್ಯವನ್ನೂ ಜೋಡಿಸಲಿಲ್ಲ. ಸಂಬಳ ಬಂದ ಮರುದಿನ ಆ 17 ಭಾಗ ತಾನಾಗಿಯೇ ಅಲ್ಲಿಗೆ ಹೋಗುವಂತೆ ಬ್ಯಾಂಕಿಗೆ ಹೇಳಿ ಮಾಡಿಸಿದೆವು. ನಾವು ಅದನ್ನು ವರ್ಷದ ಖಾತೆ ಅಂತ ಕರೆಯುತ್ತೇವೆ.

ಮೊದಲ ವರ್ಷ ಮಾತ್ರ 12ರಿಂದ ಭಾಗಿಸುವುದು ಕೆಲಸ ಮಾಡಲಿಲ್ಲ. ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಮುಂದಿನ ಖರ್ಚು ನಾಲ್ಕೇ ತಿಂಗಳಲ್ಲಿ ಇದ್ದರೆ 12 ತಿಂಗಳ ಲೆಕ್ಕ ಹಿಡಿದು ಏನು ಪ್ರಯೋಜನ? ಉಳಿದಿರುವ ತಿಂಗಳಿನಿಂದ ಭಾಗಿಸಬೇಕು. 12 ಪಾಲು ಬೇಕಾದ ಖರ್ಚಿಗೆ 4 ತಿಂಗಳು ಉಳಿದಿದ್ದರೆ ತಿಂಗಳಿಗೆ 3 ಪಾಲು ಎತ್ತಿಡಬೇಕು. ಆ ಖರ್ಚು ಒಮ್ಮೆ ದಾಟಿದ ಮೇಲೆ ತಿಂಗಳಿಗೆ 1 ಪಾಲು ಸಾಕು. ಹಾಗಾಗಿ ಮೊದಲ ವರ್ಷ ಬಿಗಿ. ನಾವು ಹತ್ತಿರದ ಮೂರು ಖರ್ಚುಗಳಿಗೆ ಮಾತ್ರ ಎತ್ತಿಟ್ಟೆವು. ಊರಿಗೆ ಹೋಗುವುದನ್ನು ಆ ವರ್ಷ ಬಿಟ್ಟೆವು. ಅಮ್ಮನಿಗೆ ಬೇಜಾರಾಯಿತು, ನನಗೂ ಆಯಿತು.

ಕಾರ್ಡಿನ ಕತೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಿಲ್ಲಿನಲ್ಲಿ ಕಡಿಮೆಯೆಂದರೆ ಇಷ್ಟು ಕಟ್ಟಿ ಅಂತ ಒಂದು ಮೊತ್ತ ಇರುತ್ತದಲ್ಲ, ಮಿನಿಮಮ್ ಡ್ಯೂ, ನಾವು ಅದನ್ನೇ ಕಟ್ಟಿಕೊಂಡು ನೆಮ್ಮದಿಯಾಗಿದ್ದೆವು. ನಮ್ಮ ಕಾರ್ಡಿಗೆ ತಿಂಗಳಿಗೆ 3 ಪರ್ಸೆಂಟ್ ಬಡ್ಡಿ, ಕಟ್ಟಬೇಕಾದದ್ದು ಬಾಕಿಯ 5 ಪರ್ಸೆಂಟ್. 100 ಬಾಕಿ ಇದ್ದರೆ ಬಡ್ಡಿ ಸೇರಿ 103. ಅದರಲ್ಲಿ 5.15 ಕಟ್ಟಿದರೆ ಉಳಿಯುವುದು 97.85. ಕೊಟ್ಟ ಹಣದಲ್ಲಿ ಅರ್ಧಕ್ಕಿಂತ ಜಾಸ್ತಿ ಬಡ್ಡಿಗೇ ಹೋಯಿತು. ಕಾರ್ಡ್ ಮತ್ತೆ ಮುಟ್ಟದಿದ್ದರೂ ಹೀಗೆ ಕಟ್ಟುತ್ತಾ ಹೋದರೆ ಬಾಕಿ ಅರ್ಧಕ್ಕೆ ಇಳಿಯಲು ಸುಮಾರು 32 ತಿಂಗಳು ಬೇಕು. ಬರೀ ಅರ್ಧಕ್ಕೆ! ತಿಂಗಳಿಗೆ 3 ಅಂದರೆ ಚಿಕ್ಕದಾಗಿ ಕೇಳಿಸುತ್ತದೆ. ಚಕ್ರಬಡ್ಡಿ ಹಾಕಿದರೆ ವರ್ಷಕ್ಕೆ 42 ದಾಟುತ್ತದೆ. ಹನಿ ಹನಿ ಗೂಡಿದರೆ ಹಳ್ಳ ಅನ್ನುವುದು ಉಳಿತಾಯಕ್ಕೆ ಹೇಳುವ ಮಾತು. ಸಾಲದ ಹಳ್ಳ ತುಂಬುವುದೂ ಹಾಗೆಯೇ, ಇನ್ನೂ ಬೇಗ.

ಆಗ ನಮಗೆ ಮೂರು ಸಾಲ ಇತ್ತು. ಕಾರ್ಡು, ಗಾಡಿ ಸಾಲ, ಅಕ್ಕನ ಹತ್ತಿರ ಕೈಸಾಲ. ಚಿಕ್ಕ ಸಾಲ ಮೊದಲು ತೀರಿಸಿದರೆ ಹುರುಪು ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ಅದೂ ಸುಳ್ಳಲ್ಲ. ಆದರೆ 32 ತಿಂಗಳ ಲೆಕ್ಕ ನೋಡಿದ ಮೇಲೆ ನಮಗೆ ಅನುಮಾನವೇ ಉಳಿಯಲಿಲ್ಲ, ಬಡ್ಡಿ ಜಾಸ್ತಿ ಇರುವುದೇ ಮೊದಲು. ಗಾಡಿಯ ಕಂತು ಎಂದಿನಂತೆ ಹೋಗುತ್ತಿತ್ತು. ಮಿಕ್ಕದ್ದರಲ್ಲಿ ಹೆಚ್ಚಿನ ಪಾಲು ಕಾರ್ಡಿಗೆ. ಕಾರ್ಡನ್ನು ಕತ್ತರಿಸಲಿಲ್ಲ, ಬೀರುವಿನೊಳಗೆ ಇಟ್ಟೆವು. 14 ತಿಂಗಳಿಗೆ ಪೂರ್ತಿ ತೀರಿತು.

ಅಕ್ಕನ ಸಾಲಕ್ಕೆ ಬಡ್ಡಿ ಇರಲಿಲ್ಲ, ಆದರೆ ಮನಸ್ಸಿಗೆ ಭಾರ ಅದೇ. ಅವಳ ಫೋನ್ ಬಂದರೆ ಎತ್ತಲು ಹಿಂಜರಿಯುತ್ತಿದ್ದೆ. ಕೊನೆಗೆ ನಾನೇ ಫೋನ್ ಮಾಡಿ, "ಅಕ್ಕಾ, ಕಾರ್ಡ್ ತೀರೋವರೆಗೂ ತಿಂಗಳಿಗೆ ಸ್ವಲ್ಪ ಸ್ವಲ್ಪ ಕಳಿಸ್ತೀನಿ, ಆಮೇಲೆ ಜಾಸ್ತಿ ಮಾಡ್ತೀನಿ" ಅಂದೆ. "ನೀನೇ ಹೇಳಿದೆಯಲ್ಲ, ಅಷ್ಟು ಸಾಕು ಕಣೇ" ಅಂದಳು. ಒಂದು ತಿಂಗಳೂ ತಪ್ಪಿಸಲಿಲ್ಲ.

ನಾನು ಮಾಡಿದ ಒಂದು ತಪ್ಪು ಹೇಳಲೇಬೇಕು. ಶುರುವಿನ ಹುರುಪಿನಲ್ಲಿ ಎಲ್ಲರ ಸಣ್ಣಪುಟ್ಟ ಖುಷಿಗೂ ಕತ್ತರಿ ಹಾಕಿದೆ. ಮನೆಯವರ ಬ್ಯಾಡ್ಮಿಂಟನ್, ಮಗಳ ಚಿತ್ರಕಲೆಯ ಸಾಮಾನು, ನಾನು ತಿಂಗಳಿಗೊಂದು ಕೊಳ್ಳುತ್ತಿದ್ದ ಪುಸ್ತಕ. ಎರಡು ತಿಂಗಳು ನಡೆಯಿತು. ಮೂರನೇ ತಿಂಗಳು ಮನೆಯಲ್ಲಿ ಮಾತೇ ಕಡಿಮೆಯಾಗಿತ್ತು. ಮಗಳು ಬಣ್ಣ ತೀರಿದೆ ಅಂತ ಹೇಳದೆ ಒಣಗಿದ ಟ್ಯೂಬನ್ನು ಕತ್ತರಿಯಿಂದ ಸೀಳಿ ಒಳಗಿನದನ್ನು ಕೆರೆದು ತೆಗೆಯುತ್ತಿದ್ದಳು. ಅದನ್ನು ನೋಡಿ ಆ ವಾರವೇ ಬದಲಾಯಿಸಿದೆವು. ಈಗ ಒಬ್ಬೊಬ್ಬರಿಗೂ ತಿಂಗಳಿಗೆ ಇಷ್ಟು ಅಂತ ಅವರದ್ದೇ ಹಣ. ಅದಕ್ಕೆ ಲೆಕ್ಕ ಕೊಡಬೇಕಿಲ್ಲ, ಪುಸ್ತಕದಲ್ಲಿ ಬರೆಯಬೇಕಿಲ್ಲ. ಮೊತ್ತ ಚಿಕ್ಕದು, ಆದರೆ ಅದಾದ ಮೇಲೆ ಯಾರೂ ಪುಸ್ತಕ ಬಿಡಲಿಲ್ಲ.

ಕಷ್ಟಕಾಲಕ್ಕೆ ಮೂರರಿಂದ ಆರು ತಿಂಗಳ ಖರ್ಚು ಎತ್ತಿಡಿ ಅನ್ನುವುದು ಎಲ್ಲರೂ ಕೊಡುವ ಸಲಹೆ. ಮೊದಲು ಕೇಳಿದಾಗ ನನಗೆ ದಿಗಿಲಾಗಿತ್ತು. ಆಮೇಲೆ ಗೊತ್ತಾಯಿತು, ಎಣಿಸಬೇಕಾದದ್ದು ಸಂಬಳವನ್ನಲ್ಲ, ಬಿಡಲಾಗದ ಖರ್ಚನ್ನು ಮಾತ್ರ. ದಿನಸಿ, ಕರೆಂಟು, ಔಷಧಿ, ಕಂತು. ನಮ್ಮಲ್ಲಿ ಅದು ಸಂಬಳದ ಅರ್ಧಕ್ಕಿಂತ ಸ್ವಲ್ಪ ಮೇಲೆ. ಒಂದು ತಿಂಗಳಿನದ್ದು ಕೂಡಿಸಲು ಐದು ತಿಂಗಳು ಹಿಡಿಯಿತು. ಕಾರ್ಡ್ ತೀರಿದ ಮೇಲೆ ಅದರ ಹಣವೂ ಇಲ್ಲಿಗೇ ತಿರುಗಿತು, ವೇಗ ಬಂತು. ಈಗ ನಾಲ್ಕು ತಿಂಗಳಿನದ್ದು ಇದೆ. ಇಬ್ಬರಲ್ಲಿ ಒಬ್ಬರ ಸಂಬಳ ನಿಂತರೂ ಇನ್ನೊಬ್ಬರದ್ದು ಇರುತ್ತದೆ, ಹಾಗಾಗಿ ಇಷ್ಟು ಸಾಕು ಅನಿಸಿದೆ. ಒಬ್ಬರೇ ದುಡಿಯುವ ಮನೆಯಾದರೆ ನಾನು ಆರಕ್ಕೆ ಕಡಿಮೆ ಇಡುತ್ತಿರಲಿಲ್ಲ. ಈ ಹಣವನ್ನು ಷೇರಿಗೆ ಹಾಕಿಲ್ಲ. ಬೇಕಾದ ದಿನವೇ ಬೆಲೆ ಬಿದ್ದಿದ್ದರೆ ಏನು ಮಾಡುವುದು?

ತಿಂಗಳ ಮೊದಲ ಭಾನುವಾರ ಪುಸ್ತಕ ಕೆಳಗಿಳಿಯುತ್ತದೆ. 20 ನಿಮಿಷ ಕೂರುತ್ತೇವೆ. ಹೋದ ತಿಂಗಳು ವಾಷಿಂಗ್ ಮೆಷಿನ್ ಕೆಟ್ಟಿತು, ರಿಪೇರಿಯಾಗಲಿಲ್ಲ. ಕಷ್ಟಕಾಲದ ಹಣದಲ್ಲಿ ಹೊಸದು ತಂದೆವು, ಕಂತಿಲ್ಲದೆ. ಈ ಭಾನುವಾರ ಮಗಳೇ ಪೆನ್ನು ಹಿಡಿದು ಆ ಮೊತ್ತವನ್ನು 4ರಿಂದ ಭಾಗಿಸಿ, ಮುಂದಿನ ನಾಲ್ಕು ತಿಂಗಳ ಪುಟಗಳ ಮೇಲೆ ಬರೆದಿಟ್ಟಳು: "ವಾಪಸ್ ತುಂಬಬೇಕು."